ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ?

ಪಾರ್ಶ್ವವಾಯು ಬಡಿದವರನ್ನು ತುರ್ತು ವಿಭಾಗಕ್ಕೆ ಕರೆತಂದ ಕೂಡಲೇ ವೈದ್ಯರು ಕೇಳುವ ಪ್ರಶ್ನೆಯೊಂದಿದೆ: ‘ಇವರು ಎಂದಿನಂತೆ ಇದ್ದದ್ದನ್ನು ಕೊನೆಯ ಸಲ ಯಾರು, ಎಷ್ಟು ಗಂಟೆಗೆ ನೋಡಿದಿರಿ?’ ಚಿಕಿತ್ಸೆಯ ಹೊತ್ತನ್ನು ಎಣಿಸುವುದು ಆ ಗಳಿಗೆಯಿಂದ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಎಷ್ಟೋ ಮನೆಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಮಗ, ಸೊಸೆ ಬೆಳಿಗ್ಗೆ ಲೋಕಲ್ ಹಿಡಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಅಜ್ಜಿ ಒಬ್ಬರೇ. ರೈಲಿನ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಬಲ್ಲ ಊರುಗಳಿಗೆ ಮನೆಯ ಹಿರಿಯರ ಮಾತು ಯಾವಾಗ ತೊದಲಿತೆಂಬುದು ಗೊತ್ತಿರುವುದಿಲ್ಲ.

ಪಾರ್ಶ್ವವಾಯುಗಳಲ್ಲಿ ಹೆಚ್ಚಿನವು ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಆಗುವಂಥವು. ಉಳಿದವು ನಾಳ ಒಡೆದು ಆಗುವಂಥವು. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ನಾಲಿಗೆ ತೊದಲುವುದು ಎರಡರಲ್ಲೂ ಉಂಟು. ಸ್ಕ್ಯಾನ್ ಮಾಡದೆ ಇದು ಯಾವುದೆಂದು ಹೇಳಲಾಗದು. ಆದ್ದರಿಂದಲೇ ಮನೆಯಲ್ಲಿ ಆಸ್ಪಿರಿನ್ ನುಂಗಿಸುವುದು ಅಪಾಯ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ೪.೫ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಆಯ್ದ ಕೆಲವರಲ್ಲಿ ೨೪ ಗಂಟೆಯವರೆಗೂ ಹೆಪ್ಪನ್ನು ಹೊರತೆಗೆಯಲು ಸಾಧ್ಯ.

ಈ ಹೊತ್ತನ್ನು ನುಂಗುವುದು ಕಲ್ಯಾಣ್-ಶಿಳ್ ರಸ್ತೆಯ ವಾಹನದಟ್ಟಣೆಯೊಂದೇ ಎಂದು ನಾನು ಒಪ್ಪಲಾರೆ. ಅದಕ್ಕೂ ಮೊದಲು ಮನೆಯೊಳಗಿನ ಎರಡು ಮಾತು ಅದನ್ನು ನುಂಗಿರುತ್ತವೆ. ಒಂದು, ‘ಮಗ ಬರಲಿ.’ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಸುಮಾರು ೪೮ ಕಿಲೋಮೀಟರ್. ಕೋಟೆ ಪ್ರದೇಶದ ಕಚೇರಿಯಿಂದ ಮಗ ಬಂದು ಮುಟ್ಟುವ ಹೊತ್ತಿಗೆ ಚುಚ್ಚುಮದ್ದಿಗಿರುವ ಅವಧಿಯಲ್ಲಿ ಮೂರನೇ ಒಂದು ಪಾಲು ಸಂದಿರುತ್ತದೆ. ಇನ್ನೊಂದು, ‘ವಯಸ್ಸಾಯಿತಲ್ಲ, ಸುಸ್ತಿರಬೇಕು, ಮಲಗಲಿ.’

ಈ ಎರಡನೆಯ ಮಾತು ಆಸ್ಪತ್ರೆಯವರೆಗೂ ಬೆನ್ನು ಹತ್ತುತ್ತದೆ. ಈ ಪ್ರಾಯದಲ್ಲಿ ಅಷ್ಟು ದುಬಾರಿ, ಅಷ್ಟು ಅಪಾಯದ ಚಿಕಿತ್ಸೆ ಏಕೆಂದು ಬಂಧುಗಳೇ ಕೇಳುತ್ತಾರೆ. ಮದ್ದಿನಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ ಸುಳ್ಳಲ್ಲ. ಆದರೆ ಈ ಮದ್ದನ್ನೇ ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟವಾದ ಐಎಸ್‌ಟಿ-೩ ಅಧ್ಯಯನದ ೩,೦೩೫ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ೮೦ ದಾಟಿದವರು. ಅವರಿಗೆ ದಕ್ಕಿದ ಪ್ರಯೋಜನ ಕಿರಿಯರದಕ್ಕಿಂತ ಕಡಿಮೆಯಿರಲಿಲ್ಲ. ಪ್ರಾಯ ಅಪಾಯವನ್ನು ತೂಗಿನೋಡಲು ಒಂದು ಕಾರಣ, ಕೈಬಿಡಲು ಕಾರಣವಲ್ಲ. ತನ್ನ ಲೋಟ ತಾನೇ ಎತ್ತುವುದು, ಬಚ್ಚಲಿಗೆ ತಾನೇ ನಡೆದುಹೋಗುವುದು ಎಂಬತ್ತರ ಜೀವಕ್ಕೆ ಸಣ್ಣ ಸಂಗತಿಯೇ?

ಇಲ್ಲಿನ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ವೈದ್ಯರು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ಊರಿನಿಂದ ಬಂದ ಅಜ್ಜಿ ತಡವರಿಸುತ್ತಾರೆ. ಅದು ಭಾಷೆ ಬಾರದ ತಡವರಿಕೆಯೋ, ಮಿದುಳಿಗೆ ಬಿದ್ದ ಪೆಟ್ಟೋ? ಅವರೊಡನೆ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿಸಿ, ‘ನಿನ್ನೆಯವರೆಗೆ ಇವರ ಮಾತು ಹೀಗಿರಲಿಲ್ಲ’ ಎಂದು ಹೇಳಬಲ್ಲವರು ಜೊತೆಗಿದ್ದರೆ ಅದೇ ಅರ್ಧ ಪರೀಕ್ಷೆ.

ಆದ್ದರಿಂದ ಹಿರಿಯರಿರುವ ಪ್ರತಿ ಮನೆಯೂ ಮೊದಲೇ ಕೆಲವನ್ನು ತಿಳಿದಿಟ್ಟುಕೊಳ್ಳಬೇಕು: ಹಗಲಿರುಳೂ ಸ್ಕ್ಯಾನ್ ಮಾಡಿ ಈ ಚುಚ್ಚುಮದ್ದು ಕೊಡುವ ಹತ್ತಿರದ ಆಸ್ಪತ್ರೆ ಯಾವುದು, ಸೇವಿಸುತ್ತಿರುವ ಮಾತ್ರೆಗಳು ಯಾವುವು, ಬೀಗದ ಕೈ ಯಾವ ನೆರೆಮನೆಯಲ್ಲಿದೆ. ಲಕ್ಷಣ ಕಂಡೊಡನೆ ನೆರೆಯವರು ಮಗನಿಗೆ ಕಾಯದೆ ಆಂಬುಲೆನ್ಸ್‌ಗಾಗಿ ೧೦೮ಕ್ಕೆ ಕರೆ ಮಾಡಬೇಕು. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ನೀರನ್ನೂ ಕುಡಿಸಬಾರದು.

ಇನ್ನು ಮಕ್ಕಳು ದಿನಕ್ಕೆರಡು ಸಲ ಕಚೇರಿಯಿಂದ ಫೋನ್ ಮಾಡಲಿ. ‘ಊಟ ಆಯ್ತೇನಮ್ಮಾ?’ ಎಂದು ಕೇಳಿ, ಆಕೆ ‘ಆಯ್ತು ಮಗಾ’ ಎಂದು ಸ್ಪಷ್ಟವಾಗಿ ನುಡಿದ ಹೊತ್ತು ಫೋನಿನಲ್ಲಿ ದಾಖಲಾಗಿ ಉಳಿಯುತ್ತದೆ. ವೈದ್ಯರ ಆ ಪ್ರಶ್ನೆಗೆ ಅದೇ ಉತ್ತರ.