ಗುಳೆ ಹೋದವರು ಯಾವ ಊರಿನ ಲೆಕ್ಕಕ್ಕೆ?

ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಕಂಪನಿಗಳವರು ಗದ್ದಲ ಎಬ್ಬಿಸಿದ್ದೇ ತಡ, ಎರಡೇ ದಿನದಲ್ಲಿ ತಡೆಹಿಡಿಯಿತು. ಆಮೇಲೆ ಶುರುವಾದ ವಾಗ್ವಾದ ಇನ್ನೂ ತಣ್ಣಗಾಗಿಲ್ಲ. ಕನ್ನಡಿಗರಿಗೆ ಕೆಲಸ ಕೊಡಿ ಎನ್ನುವವರು ಒಂದು ಕಡೆ, ಹೀಗಾದರೆ ಉದ್ಯಮ ಹೈದರಾಬಾದಿಗೆ ಹೋಗುತ್ತದೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ದಾಟುವುದಿಲ್ಲ. ಕೆಲಸವೆಲ್ಲ ಒಂದೇ ಊರಲ್ಲಿ ಯಾಕೆ ಸೇರಿಕೊಂಡಿತು ಎಂದು ಕೇಳುವವರೇ ಇಲ್ಲ.

1991ರ ಜುಲೈನ ಹೊಸ ಕೈಗಾರಿಕಾ ನೀತಿ ಬಹುತೇಕ ಲೈಸೆನ್ಸ್‌ಗಳನ್ನು ರದ್ದು ಮಾಡಿತು. ಅದರ ಜೊತೆಗೆ, ಕಾರ್ಖಾನೆ ಎಲ್ಲಿ ಏಳಬೇಕೆಂದು ಹೇಳುವ ಅಧಿಕಾರವನ್ನೂ ಸರ್ಕಾರ ಬಹುಮಟ್ಟಿಗೆ ಕೈಬಿಟ್ಟಿತು. ಹಳೆಯ ಪದ್ಧತಿಯೇನೂ ಸಾಚಾ ಆಗಿರಲಿಲ್ಲ. ಎಚ್‌ಎಂಟಿ, ಬಿಇಎಲ್, ಐಟಿಐ ಎಲ್ಲವನ್ನೂ ಆಗಲೇ ಬೆಂಗಳೂರಿಗೆ ತಂದು ಕೂರಿಸಿತ್ತು. ಆದರೆ ಸುಧಾರಣೆಯ ನಂತರ ಬಂಡವಾಳ ತನಗೆ ಬೇಕಾದ ಕಡೆಗೆ ಹರಿಯಿತು, ಜನ ಅದರ ಬೆನ್ನು ಹತ್ತಿದರು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಿಂದ 2011ರ ನಡುವೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಇಳಿಯಿತು. ಇವತ್ತು ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಈ ಒಂದೇ ಜಿಲ್ಲೆಯದು.

ಇದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಬರೆದುಕೊಟ್ಟಿತ್ತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ವರ್ಷಗಟ್ಟಲೆ ಹೋರಾಡಿದ ಮೇಲೆ ಆ ಭಾಗಕ್ಕೆ ಸಂವಿಧಾನದ 371 (ಜೆ) ವಿಧಿ ಬಂತು. ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಮತ್ತು ಸರ್ಕಾರಿ ಹುದ್ದೆಗಳಲ್ಲಿ ಪಾಲು ಸಿಕ್ಕಿತು. ಅದನ್ನು ಹಗುರ ಮಾಡಲಾರೆ, ಎಷ್ಟೋ ಮನೆಗಳಲ್ಲಿ ಮೊದಲ ಡಾಕ್ಟರು ಆದದ್ದು ಅದರಿಂದಲೇ. ಆದರೆ ಎಸ್ಸೆಸ್ಸೆಲ್ಸಿ ದಾಟದ ಹುಡುಗನಿಗೆ ಅದರಲ್ಲಿ ದಕ್ಕುವುದು ಅಷ್ಟಕ್ಕಷ್ಟೆ.

ಅವನಿಗಿರುವುದು ಗುಳೆ. ತೊಗರಿ ರಾಶಿ ಮುಗಿಯುತ್ತಿದ್ದಂತೆ ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಮನೆಗಳಿಗೆ ಕೀಲಿ ಬೀಳುತ್ತದೆ. ಮೇಸ್ತ್ರಿ ಕೊಟ್ಟ ಮುಂಗಡ ಮದುವೆಗೋ ಆಸ್ಪತ್ರೆಗೋ ಆಗಲೇ ಖರ್ಚಾಗಿರುತ್ತದೆ. ಇನ್ನು ದುಡಿದು ತೀರಿಸುವುದೊಂದೇ ಬಾಕಿ. ಅಕ್ಕಿ, ಜೋಳದ ಹಿಟ್ಟು, ಕೌದಿ, ಚಿಕ್ಕ ಮಗು ಎಲ್ಲ ಒಂದೇ ಬಸ್ಸಿನಲ್ಲಿ. ಬೆಂಗಳೂರಿನಲ್ಲಿ ಇಳಿದರೆ ಕಟ್ಟಡದ ಪಕ್ಕದ ತಗಡಿನ ಶೆಡ್ಡು, ಹಗಲು ಕಾದು ರಾತ್ರಿ ಕೊರೆಯುವಂಥದ್ದು. ಮಗುವಿನ ಹಾಜರಾತಿ ಊರಿನ ಶಾಲೆಯಲ್ಲಿ, ಮಗು ಮರಳಿನ ರಾಶಿಯ ಮೇಲೆ. ಯುಗಾದಿಗೆ ಊರು, ಮತ್ತೆ ಹೊರಡುವುದು. ನಡುವೆ ಪಂಚಾಯಿತಿ ಚುನಾವಣೆ ಬಂದರೆ ಮಾತ್ರ ಭಾರಿ ಮರ್ಯಾದೆ: ಅಭ್ಯರ್ಥಿಯೇ ಕ್ರೂಸರ್ ಕಳಿಸಿ ಕರೆಸಿಕೊಳ್ಳುತ್ತಾನೆ.

ಮಸೂದೆ ಇವರನ್ನು ಹೇಗೆ ಕಂಡಿತು ನೋಡಿ. ಸ್ಥಳೀಯ ಎನ್ನಿಸಿಕೊಳ್ಳಲು ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲೇ ನೆಲೆಸಿ, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಕನ್ನಡವನ್ನು ಒಂದು ಭಾಷೆಯಾಗಿ ಓದಿದ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಇಲ್ಲದಿದ್ದರೆ ಕನ್ನಡ ಪರೀಕ್ಷೆ ಪಾಸಾಗಬೇಕು. ಅಕ್ಷರಶಃ ಹಿಡಿದರೆ, ಸುರಪುರದ ಕಡೆಯಿಂದ ಬಂದು ಇಟ್ಟಿಗೆ ಹೊರುವ, ಶಾಲೆಯ ಮುಖ ಕಾಣದ ಹೆಂಗಸು ಕನ್ನಡ ಬಿಟ್ಟು ಬೇರೆ ಮಾತಾಡದಿದ್ದರೂ ಸ್ಥಳೀಯಳಲ್ಲ! ಯಾರ ಹೆಸರಿನಲ್ಲಿ ಈ ಹೋರಾಟ ಎಂದು ಕೇಳಬೇಕಾಗುತ್ತದೆ.

ಇನ್ನೊಂದು ಮಾತು. ನಮ್ಮವರು ಗುಳೆ ಹೋಗುವುದು ಬೆಂಗಳೂರಿಗಷ್ಟೇ ಅಲ್ಲ. ಗೋವಾ, ಮುಂಬೈ, ಪುಣೆಗಳಿಗೂ. ವಾಸ್ಕೋದ ಬೈನಾ ಕಡಲತೀರದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಅನೇಕರಿದ್ದರು. ಆಗ ನಾವು, ದೇಶದಲ್ಲಿ ಎಲ್ಲಿಯಾದರೂ ನೆಲೆಸುವ ಹಕ್ಕು ಕೊಡುವ ಸಂವಿಧಾನದ 19ನೇ ವಿಧಿಯನ್ನು ನೆನೆದೆವು. ಹುಟ್ಟಿದ ಊರು ಕೇಳಿ ಕೆಲಸ ಕೊಡುವ ಕಾನೂನನ್ನು ಇಲ್ಲಿ ಮಾಡಿ, ಅಲ್ಲಿ ಮಾಡಬೇಡಿ ಎನ್ನಲು ಯಾವ ಬಾಯಿ? ಶೇ 75 ಮೀಸಲು ಮಾಡಿದ ಹರಿಯಾಣದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿದ್ದನ್ನೂ ನಮ್ಮ ಸಂಪುಟ ಓದಿರಬೇಕಿತ್ತು.

ಹಾಗೆಂದು ಉದ್ಯಮಿಗಳ ಪಕ್ಷ ವಹಿಸುತ್ತಿಲ್ಲ. ಇವತ್ತು ಮುಕ್ತ ಸಂಚಾರದ ಪಾಠ ಹೇಳುವ ಇದೇ ನಗರದಲ್ಲಿ, 2020ರ ಮೇ 5ರಂದು ಬಿಲ್ಡರ್‌ಗಳು ಮುಖ್ಯಮಂತ್ರಿಯನ್ನು ಕಂಡ ಬೆನ್ನಲ್ಲೇ ಲಾಕ್‌ಡೌನ್‌ನಲ್ಲಿ ಸಿಕ್ಕಿಬಿದ್ದ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳನ್ನು ಸರ್ಕಾರ ರದ್ದುಗೊಳಿಸಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ತೀರ್ಮಾನ ಬದಲಾಯಿತು. ಕೂಲಿಯವನು ಬೇಕಾದಾಗ ಬರಬೇಕು, ಹೋಗುತ್ತೇನೆಂದರೆ ಬಿಡಬಾರದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಲಾಕ್‌ಡೌನ್‌ನಲ್ಲಿ ಸತ್ತ ವಲಸಿಗರೆಷ್ಟು ಎಂಬ ಪ್ರಶ್ನೆಗೆ ಕೇಂದ್ರ ಕಾರ್ಮಿಕ ಸಚಿವಾಲಯ ಸಂಸತ್ತಿನಲ್ಲಿ ಕೊಟ್ಟ ಉತ್ತರ: ಅಂಥ ಲೆಕ್ಕ ಇಟ್ಟಿಲ್ಲ.

ಚೀನಾ 1958ರಿಂದ ‘ಹುಕೊ’ ಎಂಬ ನೋಂದಣಿಯಲ್ಲಿ ಜನರನ್ನು ಹುಟ್ಟೂರಿಗೆ ಕಟ್ಟಿಹಾಕಿತು ಎಂದು ನಾವು ಮೂಗು ಮುರಿಯುತ್ತೇವೆ. ನಮ್ಮಲ್ಲಿ ಆ ಕಾನೂನಿಲ್ಲ, ಪರಿಣಾಮ ಇದೆ. ‘ಒಂದು ದೇಶ ಒಂದು ಪಡಿತರ ಚೀಟಿ’ ಬಂದ ಮೇಲೆ ಕೇಂದ್ರದ ಪಾಲಿನ ಧಾನ್ಯ ಜೊತೆಗೆ ಬರುತ್ತದೆ. ಶಾಲೆ, ಅಂಗನವಾಡಿ, ಮತ ಬರುವುದಿಲ್ಲ. ದೂರದಿಂದಲೇ ಮತ ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ, ಅದು ಅಲ್ಲಿಗೇ ನಿಂತಿತು.

ಈಗ ಜನಗಣತಿ ಬರುತ್ತಿದೆ. 2021ರಲ್ಲಿ ಆಗಬೇಕಿದ್ದದ್ದು, ಎಣಿಕೆ 2027ರ ಫೆಬ್ರುವರಿಯಲ್ಲಿ. ಜಾತಿಯನ್ನೂ ಕೇಳುತ್ತಾರೆ. ಕ್ಷೇತ್ರ ಮರುವಿಂಗಡಣೆಗೂ ಅನುದಾನ ಹಂಚಿಕೆಗೂ ಇದೇ ಅಂಕಿ ಆಧಾರವಾಗುವ ಸಾಧ್ಯತೆ ಹೆಚ್ಚು. ಫೆಬ್ರುವರಿ ಎಂದರೆ ಗುಳೆಯ ನಟ್ಟನಡುವಿನ ಕಾಲ. ಊರಿನ ಮನೆಗೆ ಕೀಲಿ ಬಿದ್ದಿರುತ್ತದೆ, ಶೆಡ್ಡಿಗೆ ಮನೆ ನಂಬರ್ ಇರುವುದಿಲ್ಲ, ಗೇಟಿನ ಸೆಕ್ಯೂರಿಟಿಯವನು ಗಣತಿದಾರರನ್ನು ಒಳಗೆ ಬಿಡುವುದಿಲ್ಲ. ಎಣಿಕೆಗೆ ಸಿಗದವರಿಗೆ ಯಾವ ಮೀಸಲಾತಿಯೂ ತಲುಪುವುದಿಲ್ಲ. ಮಸೂದೆಗಾಗಿ ಪಟ್ಟು ಹಿಡಿದಿರುವ ಕನ್ನಡ ಸಂಘಟನೆಗಳು ಆ ತಿಂಗಳು ಗಣತಿದಾರರ ಜೊತೆ ಶೆಡ್ಡುಗಳಿಗೆ ಹೋಗಲಿ, ಸಂಜೆ ಏಳರ ನಂತರ, ಕೂಲಿಯವರು ಕೆಲಸ ಮುಗಿಸಿ ಬಂದಮೇಲೆ. ಬಿಲ್ಡರ್‌ಗಳು ಗೇಟು ತೆಗೆಯುವಂತೆ ಸರ್ಕಾರ ಈಗಲೇ ಲಿಖಿತ ಆದೇಶ ಹೊರಡಿಸಲಿ.