ನೀರಿಳಿದಾಗ ಕಾಣುವ ಅಣೆಕಟ್ಟು

ಮಳೆ ಕೈಕೊಟ್ಟ ವರ್ಷ ಬೇಸಿಗೆಯ ಕೊನೆಗೆ ಲಿಂಗನಮಕ್ಕಿಯ ಹಿನ್ನೀರು ತಳ ಕಂಡರೆ, ಸಾಗರ ತಾಲೂಕಿನ ಮಡೆನೂರಿನಲ್ಲಿ ಒಂದು ಹಳೆಯ ಅಣೆಕಟ್ಟು ಮೇಲೆದ್ದು ಬರುತ್ತದೆ. ಕಲ್ಲಿನ ಗೋಡೆ, ಸೈಫನ್ನುಗಳ ಸಾಲು, ಸುತ್ತ ಬಿರುಕು ಬಿಟ್ಟ ಕೆಸರು ನೆಲ. ಜನ ಮಕ್ಕಳು ಮರಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ, ಫೋಟೊ ತೆಗೆದುಕೊಂಡು ಬರುತ್ತಾರೆ. ಜೋಗದ ಮೊದಲ ವಿದ್ಯುದಾಗಾರಕ್ಕಾಗಿ 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದು. ಊರು ಮುಳುಗಿಸಿ ನಿಂತಿದ್ದ ಅದನ್ನೂ 1964ರ ಹೊತ್ತಿಗೆ ಲಿಂಗನಮಕ್ಕಿ ಮುಳುಗಿಸಿತು.

ಈ ಸಂಚಿಕೆಯನ್ನು ಪರಿಸರ ಚರಿತ್ರೆಗೆ ಮೀಸಲಿಡೋಣ ಎಂದಾಗ ಗೆಳೆಯರೊಬ್ಬರು ಕೇಳಿದರು: ‘ಆಗಿದ್ದು ಆಗಿಹೋಯಿತು. ಈಗಿನ ತಾಪತ್ರಯವೇ ಹಾಸಿ ಹೊದೆಯುವಷ್ಟಿದೆ. ಹಳೆಯದನ್ನು ಕೆದಕಿ ಏನು ಮಾಡುತ್ತೀರಿ?’ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಶರಾವತಿ ಕಣಿವೆಗೇ ಹೋಗೋಣ.

ಲಿಂಗನಮಕ್ಕಿಗೆ ಗದ್ದೆ, ತೋಟ, ಮನೆ ಬಿಟ್ಟು ಬಂದವರನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳ ನಡುವೆ ಇಳಿಸಲಾಯಿತು. ಅವರಲ್ಲಿ ಗೇಣಿದಾರರು ಬಹಳ ಮಂದಿ. ಉಳುವವನೇ ಹೊಲದೊಡೆಯ ಎಂಬ ಕೂಗು 1951ರಲ್ಲಿ ಎದ್ದಿದ್ದು ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ. ಅದು ಗಟ್ಟಿಯಾದ ಕಾನೂನಾಗಿದ್ದು 1974ರಲ್ಲಿ. ನಡುವೆ ನೀರು ಬಂತು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಪರಿಹಾರ ಕೇಳಲು ಬಾಯಿಯೇ ಇರಲಿಲ್ಲ. ಕೊಟ್ಟ ಬದಲಿ ಜಾಗವಾದರೂ ದಾಖಲೆಯಲ್ಲಿ ಕಾಡಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಒಪ್ಪಿಗೆ ಪಡೆಯದೆ ರಾಜ್ಯ ಸರ್ಕಾರ ಹೊರಡಿಸಿದ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ಇವತ್ತು ‘ಒತ್ತುವರಿದಾರರು’. ಅರ್ಧ ಶತಮಾನ ದಾಟಿದರೂ ಹಕ್ಕುಪತ್ರ ಸಿಗದ ಕುಟುಂಬಗಳು ಇನ್ನೂ ಇವೆ. 1964ನ್ನು ಬಿಟ್ಟು 2021ರ ತೀರ್ಪನ್ನಷ್ಟೇ ಓದಿದರೆ ಕಾಡು ಕಬಳಿಸಿದವರು ಕಾಣುತ್ತಾರೆಯೇ ಹೊರತು ಕಾಡಿಗೆ ತಳ್ಳಿಸಿಕೊಂಡವರು ಕಾಣುವುದಿಲ್ಲ.

ಈಗ ಅದೇ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ವಿದ್ಯುತ್ ಹೆಚ್ಚಾಗಿರುವ ಹೊತ್ತಿನಲ್ಲಿ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು. ಎತ್ತಲು ಖರ್ಚಾಗುವಷ್ಟು ವಿದ್ಯುತ್ ಇಳಿಸುವಾಗ ಸಿಗುವುದಿಲ್ಲ. ಆದರೆ ಸೌರಶಕ್ತಿ ಇಲ್ಲದ ರಾತ್ರಿಗೆ ಅದು ಒದಗುತ್ತದೆ ಎಂಬುದು ಎಂಜಿನಿಯರರ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಎರಡೂ ಜಲಾಶಯ ಈಗಾಗಲೇ ಇರುವುದರಿಂದ ನಷ್ಟ ಅಲ್ಪ ಎಂದೂ ಹೇಳುತ್ತಾರೆ. ತಕರಾರು ಇರುವುದು ಇಲ್ಲೇ. ಲೆಕ್ಕದ ಪುಸ್ತಕವನ್ನು ಇವತ್ತಿನ ಪುಟದಿಂದ ತೆರೆದರೆ ನಷ್ಟ ಯಾವಾಗಲೂ ಅಲ್ಪವೇ. ಮಡೆನೂರು, ಲಿಂಗನಮಕ್ಕಿ, ಗೇರುಸೊಪ್ಪೆ ಎಂದು ಒಂದೇ ನದಿಯಿಂದ ಮತ್ತೆ ಮತ್ತೆ ಪಡೆದ ಸಾಲವನ್ನು ಕೂಡಿದರೆ ಮೊತ್ತ ಬೇರೆಯೇ ಆಗುತ್ತದೆ. ಸಿಂಗಳೀಕಗಳಿಗೆಂದು 2019ರಲ್ಲಿ ಘೋಷಿಸಿದ ಅಭಯಾರಣ್ಯದೊಳಗೇ ಈ ಯೋಜನೆ ಬರಬೇಕಾಗಿದೆ ಎಂಬುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಬೇಕು.

ಪರಿಸರ ಚರಿತ್ರೆ ಎಂದರೆ ‘ಹಿಂದೆ ಎಲ್ಲ ಹಸಿರಾಗಿತ್ತು’ ಎಂಬ ಹಳಹಳಿಕೆಯಲ್ಲ. ಕಾಡು ಯಾರ ಹೆಸರಿಗಿತ್ತು, ನೀರನ್ನು ಯಾರು ತಿರುಗಿಸಿದರು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಕೇಳುವ ಲೆಕ್ಕಪರಿಶೋಧನೆ ಅದು. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1992ರಲ್ಲಿ ‘ದಿಸ್ ಫಿಷರ್ಡ್ ಲ್ಯಾಂಡ್’ ಬರೆದು ಈ ಶಿಸ್ತಿಗೆ ಇಂಗ್ಲಿಷಿನಲ್ಲಿ ಹಾದಿ ಮಾಡಿಕೊಟ್ಟರು. ಕನ್ನಡದಲ್ಲಿ ಆ ಕೆಲಸವನ್ನು ಅದಕ್ಕೂ ಮೊದಲೇ ಕಥೆ ಕಾದಂಬರಿಗಳು ಶುರುಮಾಡಿದ್ದವು. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ಗಳನ್ನು ಬರೆದರು. ಕಚೇರಿಯ ಕಡತ ‘ಸಂತ್ರಸ್ತ’ ಎಂಬ ಒಂದೇ ಪದದಲ್ಲಿ ಮುಗಿಸಿದ ಜನರಿಗೆ ಅವು ಮನೆ, ಅಂಗಳ, ಜಗಳ, ಹಟ ಎಲ್ಲವನ್ನೂ ಮರಳಿಸಿದವು. 2025ರ ಜನವರಿಯಲ್ಲಿ ಅವರೂ ನಮ್ಮನ್ನು ಅಗಲಿದರು. ಅದೇ ವರ್ಷದ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯಿತು. ಹಿನ್ನೀರಿನ ಆಚೆ ಉಳಿದ ಜನ ಆರು ದಶಕ ಲಾಂಚಿಗೆ ಕಾದ ಬಳಿಕ.

ಕಾದಂಬರಿ ಸಾಕ್ಷಿ ಹೇಳಬಲ್ಲದು, ಆದರೆ ಕೋರ್ಟಿನಲ್ಲಿ ಕಾಗದ ಬೇಕು. ಆ ಕಾಗದಗಳು ಸರ್ಕಾರದ ದಫ್ತರಕ್ಕಿಂತ ಹೆಚ್ಚಾಗಿ ನಮ್ಮ ನಿಮ್ಮ ಮನೆಗಳ ಟ್ರಂಕುಗಳಲ್ಲಿವೆ: ಗೇಣಿ ಚೀಟಿ, ಪರಿಹಾರದ ನೋಟಿಸು, ಮುಳುಗುವ ಮುನ್ನ ತೆಗೆಸಿಕೊಂಡ ಮನೆಯ ಚಿತ್ರ. ಗೆದ್ದಲಿಗೆ ಅಂಥ ಕಾಗದವೆಂದರೆ ಬಹಳ ಪ್ರೀತಿ. ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೇ: ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ಅಟ್ಟ ಹತ್ತಿ, ಟ್ರಂಕು ತೆರೆದು ನೋಡಿ. ಸಿಕ್ಕಿದ್ದರ ಒಂದು ಪ್ರತಿಯನ್ನು ನಮಗೂ ಕಳಿಸಿ.