ಅನ್ನ ಸಿಕ್ಕಿತು, ಮಾತು ಸಿಗಲಿಲ್ಲ!

1956ರ ನವೆಂಬರ್ ತಿಂಗಳ ಒಂದು ರಾತ್ರಿ. ಹಂಗೇರಿಯ ಗಡಿ ದಾಟಿ ಆಸ್ಟ್ರಿಯಾದ ಕಡೆಗೆ ಒಂದು ಗುಂಪು ಕದ್ದುಮುಚ್ಚಿ ನಡೆಯುತ್ತಿದೆ. ಅದರಲ್ಲಿ 21 ವರ್ಷದ ಒಬ್ಬ ತಾಯಿ. ನಾಲ್ಕು ತಿಂಗಳ ಕೂಸನ್ನು ಗಂಡ ಎತ್ತಿಕೊಂಡಿದ್ದಾನೆ. ಆಕೆಯ ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಮಗುವಿನ ಬಾಟಲಿ, ಬಟ್ಟೆಬರೆ. ಇನ್ನೊಂದರಲ್ಲಿ ಚಿನ್ನವೇ? ಹಣವೇ? ಅಲ್ಲ, ನಿಘಂಟುಗಳು!

ಆಕೆ ಅಗೋಟಾ ಕ್ರಿಸ್ಟೋಫ್. ಸೋವಿಯತ್ ಸೇನೆ ಹಂಗೇರಿಯ ಜನರ ದಂಗೆಯನ್ನು ತುಳಿದುಹಾಕಿದಾಗ ದೇಶ ಬಿಟ್ಟ ಸುಮಾರು 2 ಲಕ್ಷ ಜನರಲ್ಲಿ ಒಬ್ಬರು. ಆಗಲೇ ಕವನ ಬರೆಯುತ್ತಿದ್ದರು. ಬರೆದದ್ದೆಲ್ಲ ತವರಿನಲ್ಲೇ ಉಳಿಯಿತು.

ಸ್ವಿಟ್ಜರ್ಲೆಂಡ್ ಅವರಿಗೆ ಆಶ್ರಯ ಕೊಟ್ಟಿತು. ನ್ಯೂಶಾತೆಲ್ ಎಂಬಲ್ಲಿ ಮನೆ ಸಿಕ್ಕಿತು, ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಜನ ಕೆಟ್ಟವರಲ್ಲ. ಆದರೆ ಆ ಊರಿನ ಮಾತು ಫ್ರೆಂಚ್. ಆಕೆಗೆ ಅದರ ಒಂದಕ್ಷರವೂ ಬಾರದು. ಯಂತ್ರದ ಸದ್ದಿನ ಲಯಕ್ಕೆ ಹಂಗೇರಿಯನ್ ಪದ್ಯ ಕಟ್ಟುತ್ತಾ, ಹೊಳೆದ ಸಾಲನ್ನು ಗೀಚಿಟ್ಟುಕೊಂಡು, ರಾತ್ರಿ ಮನೆಯಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಓದುವವರು ಯಾರು? ಹೆತ್ತ ಮಗಳೇ ಶಿಶುವಿಹಾರದಿಂದ ಫ್ರೆಂಚ್ ಕಲಿತು ಬಂದು, ತಾಯಿಯ ಮಾತು ಅರ್ಥವಾಗದೆ ಅಳುತ್ತಿದ್ದಳಂತೆ! ಜೊತೆಗೆ ಬಂದವರಲ್ಲಿ ಕೆಲವರು ಜೈಲಾದರೂ ಸರಿಯೆಂದು ಹಂಗೇರಿಗೆ ಮರಳಿದರು. ಪರಿಚಿತರಲ್ಲಿ ನಾಲ್ವರು ಎರಡೇ ವರ್ಷದಲ್ಲಿ ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಹೊಟ್ಟೆ ತುಂಬಿದ ಮಾತ್ರಕ್ಕೆ ಊರು ನಮ್ಮದಾಗುವುದಿಲ್ಲ!

ಐದು ವರ್ಷ ಕಳೆದರೂ ಆಕೆ ಫ್ರೆಂಚ್ ಆಡಬಲ್ಲರು, ಓದಲಾರರು. ನಾಲ್ಕನೇ ವಯಸ್ಸಿಗೇ ಓದಲು ಕಲಿತಿದ್ದವರು ಮತ್ತೆ ನಿರಕ್ಷರಿ! ಕೊನೆಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪರದೇಶಿಗಳಿಗಾಗಿಯೇ ಇದ್ದ ತರಗತಿ ಸೇರಿದರು. ಎರಡು ವರ್ಷದಲ್ಲಿ ಪ್ರಮಾಣಪತ್ರ ಪಡೆದರು. 1986ರಲ್ಲಿ ಅದೇ ಫ್ರೆಂಚಿನಲ್ಲಿ ಬರೆದ ಮೊದಲ ಕಾದಂಬರಿ ‘ಲ ಗ್ರಾಂ ಕಾಯೇ’ ಹಲವು ಭಾಷೆಗಳಿಗೆ ಹೋಯಿತು.

ಆದರೂ ಆಕೆ ಫ್ರೆಂಚನ್ನು ಶತ್ರು ಭಾಷೆ ಎಂದೇ ಕರೆದರು. ಅದು ತನ್ನ ತಾಯ್ನುಡಿಯನ್ನು ಕೊಲ್ಲುತ್ತಿದೆ ಎಂಬುದೇ ಕಾರಣ. 2011ರಲ್ಲಿ ಹಂಗೇರಿ ತನ್ನ ದೊಡ್ಡ ಗೌರವವಾದ ಕೊಶೂತ್ ಪ್ರಶಸ್ತಿ ಕೊಟ್ಟಿತು. ಅದೇ ವರ್ಷ ಆಕೆ ತೀರಿಕೊಂಡರು.

ಈ ಕಥೆ ನಮಗೇಕೆ ಎನ್ನುವಿರಾ? ಹಂಗೇರಿಯ ಶಾಲೆಗಳಲ್ಲಿ ಒಮ್ಮೆ ರಷ್ಯನ್ ಕಡ್ಡಾಯವಾಗಿತ್ತು. ಕಲಿಸುವವರಿಗೂ ಮನಸ್ಸಿರಲಿಲ್ಲ, ಕಲಿಯುವವರಿಗೂ ಮನಸ್ಸಿರಲಿಲ್ಲ. ಹೇರಿದ ಭಾಷೆ ನಾಲಿಗೆಗೆ ಹತ್ತಲಿಲ್ಲ. ಬದುಕುವ ನೆಲದ ಭಾಷೆಯನ್ನು ಮಾತ್ರ ಆಕೆ ನೋವುಂಡೇ ಕಲಿತರು. ಏಕೆಂದರೆ ಆ ಊರಿನಲ್ಲಿ ಅದಿಲ್ಲದೆ ಬಾಳುವಂತಿರಲಿಲ್ಲ, ಕಲಿಯಲು ಒಂದು ಬಾಗಿಲೂ ತೆರೆದಿತ್ತು.

ಬೆಂಗಳೂರಿಗೆ ಬಂದ ಕೂಲಿಯವನಿಗೆ, ಕಾರ್ಖಾನೆಯ ಹುಡುಗಿಗೆ ಅಂಥ ಬಾಗಿಲು ಎಷ್ಟು ಕಡೆ ತೆರೆದಿದೆ? ಮನೆಮಾತು ತಮಿಳಾದ ಮಾಸ್ತಿ, ಮರಾಠಿಯಾದ ಬೇಂದ್ರೆ ಕನ್ನಡದ ಆಸ್ತಿಯಾದರೆಂದು ವೇದಿಕೆಯಲ್ಲಿ ಹೆಮ್ಮೆಪಡುತ್ತೇವೆ. ಕೆಳಗಿಳಿದ ಕೂಡಲೇ ಬಂದವರೊಡನೆ ಅವರ ಭಾಷೆಯಲ್ಲೇ ವ್ಯವಹರಿಸುತ್ತೇವೆ! ಮತ್ತೆ, ಕನ್ನಡ ಕಲಿಯಲಿಲ್ಲವೆಂದು ಅವರನ್ನೇ ಬಯ್ಯುತ್ತೇವೆ.

ಬಂದವರು ಕನ್ನಡ ಕಲಿಯಲೇಬೇಕು. ಅದರಲ್ಲಿ ರಾಜಿಯಿಲ್ಲ. ಆದರೆ ಪ್ರತಿ ಬಡಾವಣೆಯಲ್ಲೂ ಸಂಜೆಯ ಕನ್ನಡ ತರಗತಿ ನಡೆಯಲಿ. ಸರ್ಕಾರ ಖರ್ಚು ಹೊರಲಿ, ಸಂಘಗಳು ಕಲಿಸಲಿ. ಅವರು ತಂದ ನುಡಿಯನ್ನು ಅವರ ಮನೆಯಲ್ಲಿ ಬಾಳಲು ಬಿಡೋಣ. ಬೀದಿಯಲ್ಲಿ ಕನ್ನಡವನ್ನು ಅವರ ಕೈಗಿಡೋಣ.

ಏಕೆ ಕಲಿಯಲಿಲ್ಲ ಎಂದು ಕೇಳುವ ಹಕ್ಕು, ಕಲಿಸಿದವನಿಗೆ ಇದೆ. ಮೊದಲು ಆ ಹಕ್ಕನ್ನು ಗಳಿಸೋಣ!